ಇನ್ನೂ ನಾಲ್ಕು ವಾರ ಉರುಳಲಿ

ಫೆಬ್ರವರಿ 3

ಅತ್ತೆಯವರಿಗೆ ನಮಸ್ಕಾರಗಳು.

ನೀವು ಕಳಿಸಿದ ಬಟ್ಟೆ ಚೀಲ ನಿನ್ನೆ ತಲುಪಿತು. ಅಂಚೆಯವನು ಅದನ್ನು ಮೇಜಿನ ಮೇಲೆ ಇಟ್ಟ ಸದ್ದಿಗೇ ಒಳಗಿರುವುದು ತಿಂಡಿಯಲ್ಲ ಎಂದು ಗೊತ್ತಾಯಿತು. ಇಪ್ಪತ್ತಮೂರು ಕಲ್ಲು. ಎರಡೆರಡು ಸಲ ಎಣಿಸಿದೆ.

ಜೊತೆಗಿದ್ದ ಚೀಟಿಯನ್ನೂ ಎರಡೆರಡು ಸಲ ಓದಿದೆ. "ಅಪ್ಪ ಏನ್ ಬೇಕಾದ್ರೂ ರಿಪೇರಿ ಮಾಡ್ತಾನಲ್ಲ, ಈ ಕಲ್ಲುಗಳ್ನ ಗಾಜಿನ ಥರ ಹೊಳೆಯೋ ಹಾಗೆ ಮಾಡ್ಕೊಂಡು ಬರ್ಲಿ. ಆಮೇಲೆ ಅವನ ಜೊತೆ ಹೋಗ್ತೀನಿ" ಎಂದು ನನ್ನ ಮಗಳು, ನಮ್ಮ ಕಡ್ಡಿ, ಹೇಳಿದಳೆಂದು ಬರೆದಿದ್ದೀರಿ. ಏಳು ವರ್ಷಕ್ಕೇ ಷರತ್ತು ಹಾಕುವುದನ್ನು ಕಲಿತಿದ್ದಾಳೆ, ಥೇಟ್ ಅವಳ ಅಮ್ಮನ ಹಾಗೆ. ಓದಿ ನಕ್ಕುಬಿಟ್ಟೆ. ನಿಮ್ಮ ಮಗಳು ತೀರಿಕೊಂಡ ಈ ಹದಿನಾಲ್ಕು ತಿಂಗಳಲ್ಲಿ ಈ ಮನೆಯಲ್ಲಿ ನಗು ಕೇಳಿದ್ದು ಅಪರೂಪ. ನನಗೇ ವಿಚಿತ್ರವೆನಿಸಿತು.

ಎರಡು ತಿಂಗಳು ಇಟ್ಟುಕೊಳ್ಳಿ, ಅಷ್ಟರಲ್ಲಿ ಸುಧಾರಿಸಿಕೊಳ್ಳುತ್ತೇನೆ ಎಂದು ಮಗುವನ್ನು ನಿಮ್ಮಲ್ಲಿ ಬಿಟ್ಟು ಬಂದವನು ನಾನು. ಹನ್ನೊಂದು ತಿಂಗಳಾಯಿತು. ಈಗ ಸುಧಾರಿಸಿದ್ದೇನೆ ಅತ್ತೆ. ಬೆಳಗಿನ ಪಾಳಿ ಸಿಕ್ಕಿದೆ. ಊರಲ್ಲಿ ಯಾವ ಲಿಫ್ಟ್ ಕೆಟ್ಟರೂ ಮೂರು ಗಂಟೆಯ ಮೇಲೆ ನನ್ನನ್ನು ಕರೆಯುವ ಹಾಗಿಲ್ಲ. ಅವಳ ಕೋಣೆಗೆ ಬಣ್ಣ ಹೊಡೆದಿದ್ದೇನೆ. ಮಂಚದ ಕಾಲು ಕತ್ತರಿಸಿ ಗಿಡ್ಡ ಮಾಡಿದ್ದೇನೆ.

ಕಳೆದ ಸಲ ಫೋನಿನಲ್ಲಿ ನಾವಿಬ್ಬರೂ ಕೂಗಾಡಿದ್ದನ್ನು ಅವಳು ಕೇಳಿಸಿಕೊಂಡಳು, ಇನ್ನು ಕಾಗದವೇ ಸಾಕು ಎಂದಿರಿ. ಒಪ್ಪಿದ್ದೇನೆ. ಆದರೆ ಕಲ್ಲಿನ ಗಂಧಗಾಳಿ ನನಗಿಲ್ಲ. ಮೂವತ್ತೊಂದು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಕಲ್ಲು ಕೊಯ್ದು ಉಜ್ಜಿದವರು ನೀವು. ಹೇಗೆಂದು ಹೇಳಿಕೊಡಿ. ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಅಳಿಯ


ಫೆಬ್ರವರಿ 9

ಅಳಿಯಂದಿರಿಗೆ ಆಶೀರ್ವಾದಗಳು.

ಮೊದಲನೆಯದಾಗಿ, ಕೈಯಲ್ಲಿ ಉಜ್ಜುತ್ತೇನೆಂದು ಕೂರಬೇಡಿ. ಬೆರಳು ಸವೆಯುತ್ತದೆ, ಕಲ್ಲು ಸವೆಯುವುದಿಲ್ಲ.

ಮುಚ್ಚಳ ಬಿಗಿಯಾಗಿ ಕೂರುವ ದಪ್ಪ ಡಬ್ಬಿಯೊಂದನ್ನು ಹುಡುಕಿ. ಒಳಗೋಡೆಗೆ ಟೈರಿನ ಟ್ಯೂಬ್ ಕತ್ತರಿಸಿ ಅಂಟಿಸಿ. ಅಕ್ಕಪಕ್ಕ ಎರಡು ಸರಳು ಹಾಕಿ, ಅವುಗಳ ಮೇಲೆ ಡಬ್ಬಿ ಅಡ್ಡ ಮಲಗಿ ಉರುಳಬೇಕು. ಒಂದು ಸರಳಿಗೆ ಮೋಟಾರ್ ಕಟ್ಟಿ. ಅದು ನಿಮ್ಮ ವಿದ್ಯೆ, ನಾನು ಹೇಳಬೇಕಾಗಿಲ್ಲ. ಡಬ್ಬಿಯ ಮುಕ್ಕಾಲು ಪಾಲು ಕಲ್ಲು ತುಂಬಬೇಕು. ಕಡಿಮೆಯಾದರೆ ಬೀದಿಯ ಜಲ್ಲಿ ಸೇರಿಸಿ. ಕಲ್ಲು ಮುಳುಗಲು ಚೂರು ಕಡಿಮೆ ಎನ್ನುವಷ್ಟು ನೀರು, ಎರಡು ಚಮಚ ಸಾಣೆಪುಡಿ. ಅಷ್ಟೇ. ಹಗಲೂ ರಾತ್ರಿ ಉರುಳುತ್ತಿರಲಿ. ಕಲ್ಲಿಗೆ ಕಲ್ಲು ಉಜ್ಜಿಕೊಂಡು ತಾನೇ ನುಣುಪಾಗುತ್ತದೆ.

ಒಟ್ಟು ನಾಲ್ಕು ಹಂತ. ದಪ್ಪ ಪುಡಿ, ನಡುವಿನದು, ಸಣ್ಣದು, ಕೊನೆಗೆ ಪಾಲಿಶ್. ಒಂದು ಹಂತ ಮುಗಿದ ಮೇಲೆ ಕಲ್ಲು, ಡಬ್ಬಿ, ಮುಚ್ಚಳದ ಸಂದಿ ಎಲ್ಲವನ್ನೂ ತಿಕ್ಕಿ ತೊಳೆಯಬೇಕು. ಹಿಂದಿನ ಪುಡಿಯ ಒಂದೇ ಒಂದು ಕಾಳು ಉಳಿದರೂ ಮುಂದಿನ ಹಂತದಲ್ಲಿ ಎಲ್ಲಾ ಕಲ್ಲಿಗೂ ಗೀರು.

ಒಂದೊಂದು ಹಂತಕ್ಕೂ ನಾಲ್ಕು ವಾರ ಬೇಕು. ನಡುವೆ ಇಣುಕಿ ನೋಡುವ ಚಪಲ ಬೇಡ. ನಿಮ್ಮದು ಮೊದಲಿಂದಲೂ ಅವಸರದ ಜೀವ, ಅದಕ್ಕೇ ಬರೆಯುತ್ತಿದ್ದೇನೆ. ಪುಡಿಗಾಗಿ ಅಂಗಡಿ ಅಲೆಯಬೇಡಿ, ಏನೇನೋ ಕಟ್ಟಿಕೊಡುತ್ತಾರೆ. ನನ್ನ ಹಳೆಯ ದಾಸ್ತಾನು ಇದೆ. ದಪ್ಪ ಪುಡಿ ಇದರ ಜೊತೆಗಿದೆ. ಉಳಿದದ್ದನ್ನು ಆಯಾ ಹಂತಕ್ಕೆ ಕಳಿಸುತ್ತೇನೆ.

ಕಡ್ಡಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಎರಡು ಬಿದ್ದಿವೆ.

ನಿಮ್ಮ ಅತ್ತೆ


ಫೆಬ್ರವರಿ 24

ಅತ್ತೆಯವರಿಗೆ ನಮಸ್ಕಾರಗಳು.

ಯಂತ್ರ ಸಿದ್ಧವಾಯಿತು! ಗುಜರಿಗೆ ಹೋಗಬೇಕಾಗಿದ್ದ ಲಿಫ್ಟ್ ಬಾಗಿಲಿನ ಮೋಟಾರನ್ನು ಮೇಸ್ತ್ರಿಯ ಕೈಕಾಲು ಹಿಡಿದು ತಂದೆ. ಮೊದಲ ದಿನ ಡಬ್ಬಿ ಗಿರ್ರನೆ ತಿರುಗಿತು, ಒಳಗೆ ಸದ್ದೇ ಇಲ್ಲ. ವೇಗ ಹೆಚ್ಚಾಗಿ ಕಲ್ಲುಗಳೆಲ್ಲ ಗೋಡೆಗೆ ಅಂಟಿಕೊಂಡು ಪುಕ್ಕಟೆ ಸವಾರಿ ಮಾಡುತ್ತಿದ್ದವು, ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ದೊಡ್ಡ ಚಕ್ರ ಹಾಕಿ ನಿಧಾನ ಮಾಡಿದೆ. ಈಗ ಒಳಗೆ ಗುಡುಗುಡು ಎಂದು ಒಂದರ ಮೇಲೊಂದು ಜಾರಿ ಬೀಳುತ್ತಿವೆ. 22ರ ಬೆಳಿಗ್ಗೆ ಶುರುಮಾಡಿದ್ದು.

ಕೆಳಮನೆಯ ದರ್ಜಿ ಮೇಲೆ ಬಂದು, "ಏನ್ರೀ, ನಿಮ್ಮನೇಲಿ ಯಾರು ಜಲ್ಲಿ ಜಗೀತಿದಾರೆ?" ಎಂದು ಕೇಳಿದರು. ಮಗಳ ವಿಷಯ ಹೇಳಿದೆ. ಬಗ್ಗಿ ಡಬ್ಬಿಯನ್ನು ನೋಡಿ, "ಆಯ್ತು ಬಿಡಿ, ನಂದೂ ಮಿಷನ್ ದಿನವೆಲ್ಲಾ ಓಡುತ್ತೆ, ನೀವೇನು ಬೈತೀರಾ" ಎಂದು ಇಳಿದು ಹೋದರು. ನಿಜ ಹೇಳಲೇ, ಈ ಸದ್ದು ನನಗೆ ಬೇಕಾಗಿತ್ತು. ಬಾಗಿಲು ತೆರೆದರೆ ಒಳಗೆ ಯಾರೋ ಇದ್ದಾರೆ ಎನಿಸುತ್ತದೆ.

ಆದರೆ ಅತ್ತೆ, ನಾಲ್ಕು ನಾಲ್ಕಲಿ ಹದಿನಾರು ವಾರ. ಜೂನ್ ಬಂದುಬಿಡುತ್ತದೆ. ಸ್ವಲ್ಪವೂ ಕಡಿಮೆ ಮಾಡುವ ದಾರಿಯಿಲ್ಲವೇ?

ಅವಳು ನನ್ನ ವಿಷಯ ಕೇಳುತ್ತಾಳೆಯೇ? ಒಂದು ಸಾಲು ಬರೆಸಿ ಕಳಿಸಿ. ಅವಳ ಅಕ್ಷರ ಹೇಗಾಗಿದೆ ಎಂದು ನೋಡುವ ಆಸೆ.

ನಿಮ್ಮ ಅಳಿಯ


ಮಾರ್ಚ್ 5

ಅಳಿಯಂದಿರಿಗೆ ಆಶೀರ್ವಾದಗಳು.

ವೇಗ ಇಳಿಸಿದ್ದು ಸರಿ. ವಾರ ಕಡಿಮೆ ಮಾಡುವ ದಾರಿಯಿಲ್ಲ.

ಕೇಳುತ್ತಾಳೆ, ಆಗಾಗ. ಬರೆಯೇ ಎಂದರೆ ಪೆನ್ಸಿಲ್ ಬಿಸಾಡಿ ಓಡುತ್ತಾಳೆ. ಬಲವಂತ ಮಾಡಿದರೆ ಇನ್ನಷ್ಟು ದೂರವಾಗುತ್ತಾಳೆ. ನೀವೂ ಒತ್ತಾಯಿಸಬೇಡಿ.

ನಿಮ್ಮ ಅತ್ತೆ


ಮಾರ್ಚ್ 28

ಅತ್ತೆಯವರಿಗೆ ನಮಸ್ಕಾರಗಳು.

ಒಂದು ದೊಡ್ಡ ಎಡವಟ್ಟು ಮಾಡಿಕೊಂಡಿದ್ದೇನೆ. ನಾಲ್ಕು ವಾರ ತುಂಬಿತೆಂದು ಡಬ್ಬಿ ತೆರೆದೆ. ಒಳಗೆ ಬೂದು ಬಣ್ಣದ ಗಟ್ಟಿ ರಾಡಿ. ಅದನ್ನು ಬಚ್ಚಲಿಗೆ ಸುರಿದು ಮೇಲೆ ಎರಡು ಕೊಡ ನೀರು ಹಾಕಿದೆ. ಮರುದಿನ ದರ್ಜಿಯ ಮನೆಯ ಬಚ್ಚಲಲ್ಲಿ ನೀರು ಕೆಳಗಿಳಿಯುವ ಬದಲು ಮೇಲೇರತೊಡಗಿತು. ಕೊಳವೆಯೊಳಗೆ ಆ ರಾಡಿ ಸಿಮೆಂಟಿನಂತೆ ಕೂತುಬಿಟ್ಟಿತ್ತು. ಭಾನುವಾರವಿಡೀ ಹೊಟ್ಟೆಯ ಮೇಲೆ ಮಲಗಿ ಕೊಳವೆ ಬಿಚ್ಚಿ ಉಳಿಯಿಂದ ಕೆತ್ತಿ ತೆಗೆದೆ. ದರ್ಜಿಯ ಹೆಂಡತಿ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರು ಬೈಯಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಇನ್ನು ಮೇಲೆ ರಾಡಿಯನ್ನು ಬಕೆಟ್ಟಿನಲ್ಲಿ ಒಣಗಿಸಿ ಕಸಕ್ಕೆ ಹಾಕುತ್ತೇನೆ. ಇದನ್ನು ನೀವು ಮೊದಲೇ ಹೇಳಬಹುದಿತ್ತು!

ಕಲ್ಲುಗಳೆಲ್ಲ ಕ್ಷೇಮ. ಅಂಚು ಕರಗಿ ಕೈಗೆ ಮೆತ್ತಗೆ ಸಿಗುತ್ತಿವೆ. ಕೆಂಪು ಕಲ್ಲೊಂದನ್ನು ಮಾದರಿಗೆ ಕಳಿಸಿದ್ದೇನೆ. ನೋಡಿ, ಸರಿಯಿದ್ದರೆ ನಡುವಿನ ಪುಡಿ ಕಳಿಸಿ. ಕಡ್ಡಿಗೂ ತೋರಿಸಿ.

ನಿಮ್ಮ ಅಳಿಯ


ಏಪ್ರಿಲ್ 5

ಅಳಿಯಂದಿರಿಗೆ ಆಶೀರ್ವಾದಗಳು.

ಕಲ್ಲು ನೋಡಿದೆ. ಒಂದು ಪಕ್ಕದಲ್ಲಿ ಇನ್ನೂ ಗುಳಿ ಇದೆ. ಗುಳಿ ಉಳಿದರೆ ಪಾಲಿಶ್ ಹತ್ತುವುದಿಲ್ಲ. ದಪ್ಪ ಪುಡಿಯಲ್ಲೇ ಇನ್ನೂ ನಾಲ್ಕು ವಾರ ಉರುಳಲಿ. ಪುಡಿ ಕಳಿಸಿದ್ದೇನೆ. ನಡುವಿನದನ್ನೂ ಇದರಲ್ಲೇ ಇಟ್ಟಿದ್ದೇನೆ, ಆದರೆ ನಾಲ್ಕು ವಾರ ಮುಗಿಯುವವರೆಗೆ ಪೊಟ್ಟಣ ಬಿಚ್ಚಬೇಡಿ.

ಕಡ್ಡಿಗೆ ತೋರಿಸಿದೆ. "ಇನ್ನೂ ಹೊಳೀತಾನೇ ಇಲ್ಲ" ಎಂದಳು.

ನಿಮ್ಮ ಅತ್ತೆ


ಮೇ 10

ಅತ್ತೆಯವರಿಗೆ ನಮಸ್ಕಾರಗಳು.

ನಡುವಿನ ಪುಡಿ ಹಾಕಿ ಐದು ದಿನವಾಯಿತು. ನೀವು ಹೇಳಿದ್ದಕ್ಕೆ ಎದುರಾಡದೆ ಮಾಡಿದ್ದೇನೆ. ತೊಳೆದದ್ದು ಹೇಗೆ ಗೊತ್ತೇ, ಹಲ್ಲುಜ್ಜುವ ಬ್ರಶ್ಶಿನಿಂದ, ಒಂದೊಂದು ಕಲ್ಲನ್ನೂ, ಮಗುವಿಗೆ ಸ್ನಾನ ಮಾಡಿಸಿದ ಹಾಗೆ.

23ಕ್ಕೆ ಅವಳ ಹುಟ್ಟಿದ ದಿನ. ಎಂಟು ತುಂಬುತ್ತದೆ. ಒಂದೇ ದಿನ ಬಂದು ಹೋಗುತ್ತೇನೆ. ಕರೆದುಕೊಂಡು ಹೋಗುವ ಮಾತೇ ಎತ್ತುವುದಿಲ್ಲ. ಮುಖ ನೋಡಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತೇನೆ. ಅವಳು ಮಾತಾಡದಿದ್ದರೂ ಪರವಾಗಿಲ್ಲ, ಕೋಣೆಯಲ್ಲಿ ಸುಮ್ಮನೆ ಕೂತಿರುತ್ತೇನೆ. ಕೈಮುಗಿದು ಕೇಳುತ್ತೇನೆ ಅತ್ತೆ. ನನ್ನಿಂದ ಆಗುತ್ತಿಲ್ಲ. ಮೊನ್ನೆ ಲಿಫ್ಟಿನೊಳಗೆ ಯಾವುದೋ ಮಗು "ಅಪ್ಪಾ" ಎಂದರೆ ಸ್ಪ್ಯಾನರ್ ಕೈಯಿಂದ ಜಾರಿ ಲಿಫ್ಟಿನ ತಳದ ಗುಂಡಿಗೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಬಚಾವಾದೆ.

ಹ್ಞೂಂ ಎಂದು ಒಂದು ಮಾತು ಬರೆಯಿರಿ.

ನಿಮ್ಮ ಅಳಿಯ


ಮೇ 15

ಅಳಿಯಂದಿರಿಗೆ ಆಶೀರ್ವಾದಗಳು.

ಬರಬೇಡಿ. ಬರಿಗೈಯಲ್ಲಿ ಬಂದರೆ ಅವಳು ಬಾಗಿಲ ಹಿಂದೆ ಅವಿತುಕೊಳ್ಳುತ್ತಾಳೆ, ನೀವು ಅದನ್ನು ನೋಡಿ ಮುರಿದುಹೋಗುತ್ತೀರಿ. ಷರತ್ತು ಹಾಕಿದ್ದು ಅವಳು. ಮಕ್ಕಳಿಗೆ ಕೊಟ್ಟ ಮಾತು ತಪ್ಪಿದರೆ ಮತ್ತೆ ನಂಬುವುದಿಲ್ಲ. ಕಲ್ಲು ಮುಗಿಸಿಕೊಂಡು ಬನ್ನಿ. ಬಟ್ಟೆ ಕಳಿಸುವುದಿದ್ದರೆ ಕಳಿಸಿ, ಅವಳು ಉದ್ದವಾಗಿದ್ದಾಳೆ, ಎರಡು ಬೆರಳು ಹೆಚ್ಚಿಗೆ ಹೊಲಿಸಿ.

ನಿಮ್ಮ ಅತ್ತೆ


ಮೇ 24

ಅತ್ತೆಯವರಿಗೆ,

ಬರಲಿಲ್ಲ. ನೀವು ಹೇಳಿದ ಹಾಗೆಯೇ.

ಫ್ರಾಕ್ ತಲುಪಿರಬೇಕು. ದರ್ಜಿಯೇ ಹೊಲಿದದ್ದು. ಅಳತೆ ಕೇಳಿದರು, ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಗಾಳಿಯಲ್ಲಿ ತೋರಿಸಿದೆ, ಇಷ್ಟಿರಬಹುದು ಎಂದು. ಮಗಳ ಎತ್ತರವನ್ನು ಊಹಿಸಿ ಹೇಳುವ ಅಪ್ಪನಾಗಿದ್ದೇನೆ.

ನಿನ್ನೆ ರಜೆ ಹಾಕಲಿಲ್ಲ. ಹನ್ನೆರಡು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ಬದಲಿಸುವ ಕೆಲಸವಿತ್ತು. ಗುಂಡಿಯ ತಳದಲ್ಲಿ ಕೂತು ಊಟ ಮಾಡಿದೆ. ಅಲ್ಲಿ ಯಾರೂ ನೋಡುವುದಿಲ್ಲ.

ಅವಳು ನನ್ನ ಮೇಲೆ ಇಷ್ಟು ಮುನಿಸಿಕೊಳ್ಳಲು ಕಾರಣವೊಂದು ಇದೆ. ನಿಮಗೆ ಹೇಳಿಲ್ಲ. ಹೇಳಬೇಕೆಂದು ಕೂತೆ, ಎರಡು ಹಾಳೆ ಹರಿದೆ. ಇನ್ನೊಮ್ಮೆ ಬರೆಯುತ್ತೇನೆ. ಜೂನ್ 2ಕ್ಕೆ ಈ ಹಂತ ಮುಗಿಯುತ್ತದೆ. ಸಣ್ಣ ಪುಡಿಯನ್ನು ತಡಮಾಡದೆ ಕಳಿಸಿ.

ಅಳಿಯ


ಜೂನ್ 15

ಹದಿಮೂರು ದಿನ ಯಂತ್ರ ನಿಲ್ಲಿಸಿಕೊಂಡು ನಿಮ್ಮ ಪುಡಿಗೆ ಕಾದೆ. ದಿನಾ ಅಂಚೆಯವನನ್ನು ಗೇಟಿನಲ್ಲೇ ಹಿಡಿದು ಕೇಳಿದೆ. ನಿನ್ನೆ ತಡೆಯಲಾರದೆ ನಾನೇ ಹುಡುಕಿಕೊಂಡು ಹೊರಟೆ. ನೆಲಹಾಸಿನ ಕಲ್ಲಿಗೆ ಪಾಲಿಶ್ ಮಾಡುವವರ ಸಾಮಾನಿನ ಅಂಗಡಿ ನಮ್ಮ ಲಿಫ್ಟ್ ಕಂಪನಿಯ ಗೋದಾಮಿನ ಹಿಂದಿನ ಬೀದಿಯಲ್ಲೇ ಇದೆ. ಅಂಗಡಿಯವನು ಮುದುಕ, ಹುಬ್ಬಿನ ತನಕ ಬಿಳಿ ಧೂಳು. ಕಲ್ಲು ತೋರಿಸಿದೆ.

"ಎಷ್ಟು ದಿನದಿಂದ ಉರುಳಿಸ್ತಿದೀರಿ?"

"ಶುರುಮಾಡಿ ಹದಿನಾರು ವಾರ. ಎರಡು ಹಂತ ಆಯ್ತು."

ಅವನು ನಗಲಿಲ್ಲ. ಕಲ್ಲನ್ನು ಬೆಳಕಿಗೆ ಹಿಡಿದು, "ಹಂತಕ್ಕೆ ಒಂದು ವಾರ ಸಾಕಲ್ರೀ. ಒಂದು ತಿಂಗಳ ಕೆಲಸ ಇದು. ಯಾರ್ರೀ ನಿಮಗೆ ಹೀಗೆ ಹೇಳ್ಕೊಟ್ಟಿದ್ದು, ಹೊಸಬರಾ?" ಎಂದ.

ಹೊಸಬರಲ್ಲ, ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದವರು ಎಂದೆ. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮಾರ್ಚ್ ಕೊನೆಗೆ ಮುಗಿಯಬೇಕಿತ್ತು. ಮಾರ್ಚ್! ನನ್ನ ಮಗು ಏಪ್ರಿಲಿನಿಂದ ಇಲ್ಲಿರಬಹುದಿತ್ತು. ಹುಟ್ಟಿದ ದಿನ ಇಲ್ಲಿರಬಹುದಿತ್ತು. ನೀವು ನನ್ನನ್ನು ಕೋಡಂಗಿಯ ಹಾಗೆ ಕುಣಿಸಿದಿರಿ. ಮಗಳನ್ನು ಕಳೆದುಕೊಂಡ ತಾಯಿ ಎಂದು ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ನಾನೂ ಹೆಂಡತಿಯನ್ನು ಕಳೆದುಕೊಂಡವನು, ಅದು ನಿಮಗೆ ಒಂದು ದಿನವಾದರೂ ನೆನಪಾಯಿತೇ?

ನಾನೂ ಒಂದು ಸುಳ್ಳು ಬರೆದಿದ್ದೆ, ಅದನ್ನೂ ಕೇಳಿ. ಕಲ್ಲುಗಳೆಲ್ಲ ಕ್ಷೇಮ ಎಂದೆನಲ್ಲ, ಕ್ಷೇಮವಿರಲಿಲ್ಲ. ಮೊದಲ ಸಲ ಡಬ್ಬಿ ತೆರೆದಾಗ ಬಿಳಿಯ ಕಲ್ಲೊಂದು ಇರಲೇ ಇಲ್ಲ. ಪೂರ್ತಿ ಸವೆದು ರಾಡಿಯಾಗಿತ್ತು. ಮಗು ಆರಿಸಿ ಕೊಟ್ಟ ಕಲ್ಲನ್ನು ಕಳೆದೆನಲ್ಲ ಎಂದು ಎರಡು ಭಾನುವಾರ ಹೊಳೆಯ ದಂಡೆಯಲ್ಲಿ ಬಗ್ಗಿ ಬಗ್ಗಿ ಹುಡುಕಿ ಅಂಥದ್ದೇ ಒಂದನ್ನು ತಂದು ಸೇರಿಸಿದೆ. ಅವಳಿಗೆ ಗೊತ್ತಾದರೆ ಏನು ಹೇಳಲಿ ಎಂದು ಹೆದರಿ ಸತ್ತೆ.

ಯಾಕೆ ಹೀಗೆ ಮಾಡಿದಿರಿ? ಒಂದೇ ಪ್ರಶ್ನೆ. ಉತ್ತರ ಬರಲಿ ಬಿಡಲಿ, ಬರುವ ತಿಂಗಳು ನಾನು ಬರುತ್ತೇನೆ.


ಜೂನ್ 23

ಅಳಿಯಂದಿರಿಗೆ,

ಆಶೀರ್ವಾದ ಎಂದು ಬರೆಯುವ ಮುಖ ನನಗಿಲ್ಲ.

ಆ ಬಿಳಿ ಕಲ್ಲು ಮೆದು ಜಾತಿಯದು, ಉಳಿದವು ಗಟ್ಟಿ. ಎರಡನ್ನೂ ಒಟ್ಟಿಗೆ ಉರುಳಿಸಿದರೆ ಮೆದುವಾದದ್ದು ಉಳಿಯುವುದಿಲ್ಲ. ಗೊತ್ತಿದ್ದೇ ಹಾಕಿದೆ. ಒಂದು ಕಲ್ಲು ಹಾಳಾದರೆ ನೀವು ಮತ್ತೆ ಮೊದಲಿನಿಂದ ಶುರುಮಾಡುತ್ತೀರಿ ಎಂಬುದು ನನ್ನ ಲೆಕ್ಕ. ನೀವು ಹೊಳೆದಂಡೆಯಲ್ಲಿ ಹುಡುಕುತ್ತೀರೆಂದು ಎಣಿಸಿರಲಿಲ್ಲ.

ಅವು ಕಡ್ಡಿ ಆರಿಸಿದ ಕಲ್ಲುಗಳಲ್ಲ. ಕಾಲೇಜಿನವರು ಬೇಡವೆಂದು ಎಸೆದದ್ದನ್ನು ನಾನು ಹಿಂದೆ ಮನೆಗೆ ತಂದಿಟ್ಟಿದ್ದೆ. ಷರತ್ತು ಅವಳದಲ್ಲ. ಅವಳು ಅಂಥ ಮಾತೇ ಆಡಲಿಲ್ಲ. "ಅಪ್ಪ ಯಾವಾಗ ಬರ್ತಾನೆ?" ಇಷ್ಟೇ ಅವಳು ಕೇಳುತ್ತಿದ್ದದ್ದು, ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ. ಅಪ್ಪ ಕಲ್ಲು ಉಜ್ಜುತ್ತಿದ್ದಾನೆ, ಮುಗಿದ ಮೇಲೆ ಬರುತ್ತಾನೆ ಎಂದೆ. "ಯಾವ ಕಲ್ಲು? ಯಾರಿಗೆ?" ಎಂದಳು. ಅವನಿಗೆ ಇಷ್ಟ ಎಂದೆ. ಅಂದಿನಿಂದ ನಿಮಗೆ ಅವಳಿಗಿಂತ ಕಲ್ಲೇ ಹೆಚ್ಚು ಎಂದುಕೊಂಡಿದ್ದಾಳೆ. ಹುಟ್ಟಿದ ದಿನ ಆ ಫ್ರಾಕ್ ಹಾಕಿಕೊಂಡು ಮಧ್ಯಾಹ್ನದಿಂದ ಗೇಟಿನ ಬಳಿ ನಿಂತಿದ್ದಳು. ಫ್ರಾಕ್ ಬಿಗಿಯಾಗಿತ್ತು, ಹಿಂದೆ ಗುಂಡಿ ಕೂರಲಿಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಅವಳು ಬರೆಯಲಿಲ್ಲ ಎಂದದ್ದೂ ಸುಳ್ಳು. ಮೂರು ಚೀಟಿ ಬರೆದಳು. ನನ್ನ ಬೀರುವಿನಲ್ಲಿದ್ದವು. ಇದರ ಜೊತೆಗಿಟ್ಟಿದ್ದೇನೆ. ಒಂದರಲ್ಲಿ "ಅಪ್ಪಾ ಕಲ್ಲು ಒರಟಾಗಿದ್ರೂ ಪರವಾಗಿಲ್ಲ ನೀನು ಬಾ" ಎಂದಿದೆ. ಅದನ್ನು ನಾನು ಓದಿ, ಮಡಚಿ, ಒಳಗಿಟ್ಟು, ಬೀರುವಿಗೆ ಬೀಗ ಹಾಕಿದೆ. ಸಣ್ಣ ಪುಡಿಯ ಪೊಟ್ಟಣವೂ ಅಲ್ಲೇ ಇತ್ತು, ವಿಳಾಸ ಬರೆದು ಸಿದ್ಧವಾಗಿ. ಅದನ್ನು ಕಳಿಸಿದರೆ ನೀವು ಬರುವ ದಿನ ಹತ್ತಿರವಾಗುತ್ತದೆ ಎಂದು ಕೈ ಬರಲಿಲ್ಲ.

ಯಾಕೆಂದು ಕೇಳಿದಿರಿ. ಹೋದ ವರ್ಷ, ಅವಳನ್ನು ಇಲ್ಲಿಗೆ ಕರೆತರುವುದಕ್ಕೆ ಒಂದು ವಾರ ಮೊದಲು, ನೀವು ಅವಳನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಕೆಲಸಕ್ಕೆ ಹೋದಿರಿ. ಆಸ್ಪತ್ರೆಯ ಲಿಫ್ಟ್ ನಿಂತಿತ್ತಂತೆ. ಒಂದು ಗಂಟೆ ಎಂದು ಹೋದವರು ಆರು ಗಂಟೆ ಬಿಟ್ಟು ಬಂದಿರಿ. ಮಗು ಸ್ಟೂಲಿನ ಮೇಲೆ ನಿಂತು ಕಿಟಕಿಯಲ್ಲಿ ಹೋಗಿಬರುವವರನ್ನೆಲ್ಲ ಕೂಗಿದೆ. ಯೂನಿಫಾರಮ್ ಒದ್ದೆ ಮಾಡಿಕೊಂಡಿದೆ. ಇಲ್ಲಿಗೆ ಬಂದ ಮೊದಲ ದಿನವೇ ನನಗೆ ಹೇಳಿದಳು, ದೂರು ಹೇಳುವ ಹಾಗಲ್ಲ, ಕಥೆ ಹೇಳುವ ಹಾಗೆ. ನೀವೇ ಒಂದು ದಿನ ಅದನ್ನು ಬರೆಯುತ್ತೀರಿ, ಆವತ್ತು ಮಗುವನ್ನು ಕಳಿಸುತ್ತೇನೆ ಎಂದು ಮನಸ್ಸಿನಲ್ಲೇ ಷರತ್ತು ಹಾಕಿಕೊಂಡಿದ್ದೆ. ನೀವು ಬಣ್ಣದ ವಿಷಯ ಬರೆದಿರಿ, ಮಂಚದ ವಿಷಯ ಬರೆದಿರಿ, ಅದನ್ನು ಬರೆಯಲಿಲ್ಲ.

ಆದರೆ ಅದು ನೆಪ. ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ನನಗೆ ಅವಳು ಬೇಕಾಗಿದ್ದಳು. ತಲೆ ಬಾಚುವಾಗ ಹಿಂದಿನಿಂದ ನೋಡಿದರೆ ನನ್ನ ಮಗಳೇ. ಇವಳೂ ಹೋದ ಮೇಲೆ ಈ ಮನೆಯಲ್ಲಿ ನಾನು ಯಾರನ್ನು ಕರೆಯಲಿ? ಇದನ್ನು ನೇರವಾಗಿ ಕೇಳುವ ಧೈರ್ಯವಿಲ್ಲದೆ ಕಲ್ಲು ಕಳಿಸಿದೆ.

ಮೊನ್ನೆ ಎಲ್ಲವನ್ನೂ ಅವಳಿಗೆ ಹೇಳಿದೆ. ಅಳಲಿಲ್ಲ. ಎದ್ದು ಹೋಗಿ ತನ್ನ ಬಟ್ಟೆಯನ್ನು ಚೀಲಕ್ಕೆ ತುಂಬಿಕೊಂಡು ಹೊಸ್ತಿಲ ಬಳಿ ಕೂತಳು. ಎರಡು ದಿನದಿಂದ ಶಾಲೆಗೆ ಹೋಗಿಲ್ಲ, ನನ್ನ ಜೊತೆ ಮಾತಿಲ್ಲ. ತಟ್ಟೆ ಅಲ್ಲೇ ಇಟ್ಟರೆ ನಾನು ಒಳಗೆ ಬಂದ ಮೇಲೆ ಉಣ್ಣುತ್ತಾಳೆ. ಬರುವ ತಿಂಗಳ ತನಕ ಕಾಯಬೇಡಿ.

ಅತ್ತೆ


ಜೂನ್ 26

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವಳನ್ನು ಸಿದ್ಧ ಮಾಡಿಡಿ. ನಾನು ಒಳಗೆ ಬರುವುದಿಲ್ಲ.

ಆ ಆರು ಗಂಟೆಯ ವಿಷಯ ನಿಜ. ಆರಲ್ಲ, ಆರೂವರೆ.


ಜುಲೈ 18

ಅಳಿಯಂದಿರಿಗೆ,

ನೀವು ಕರೆದುಕೊಂಡು ಹೋಗಿ ಮೂರು ವಾರವಾಗುತ್ತಾ ಬಂತು. ಒಂದೆರಡು ವಿಷಯ ಆವತ್ತು ಹೇಳಲಾಗಲಿಲ್ಲ. ಹಾಲು ಬಿಸಿಯಿದ್ದರೆ ಕುಡಿಯುವುದಿಲ್ಲ, ಆರಿಸಿ ಕೊಡಿ. ಎಡಗಾಲಿನ ಶೂ ಕಚ್ಚುತ್ತದೆ, ಹೇಳಿಕೊಳ್ಳುವುದಿಲ್ಲ, ನೀವೇ ನೋಡಬೇಕು. ಮಗ್ಗಿಯಲ್ಲಿ ಏಳು ಬಂದರೆ ಎಂಟಕ್ಕೆ ಹಾರುತ್ತಾಳೆ, ಬೈಯಬೇಡಿ.

ಬಸ್ಸು ಹೊರಟಾಗ ಅವಳು ಆ ಕಡೆಯ ಕಿಟಕಿಯಲ್ಲಿ ಕೂತಿದ್ದಳು, ನನಗೆ ಕಾಣಲಿಲ್ಲ. ನನ್ನನ್ನು ಒಮ್ಮೆಯಾದರೂ ಕೇಳಿದಳೇ?

ಅತ್ತೆ


ಆಗಸ್ಟ್ 9

ಅಳಿಯಂದಿರಿಗೆ,

ಉತ್ತರ ಬರೆಯುವ ಮನಸ್ಸಿಲ್ಲದಿದ್ದರೆ ಬೇಡ. ಖಾಲಿ ಕಾರ್ಡನ್ನೇ ಅಂಚೆಗೆ ಹಾಕಿ. ಅಂಚೆಯವನು ಗೇಟು ತೆಗೆದು ಒಳಗೆ ಬಂದರೆ ಸಾಕು.

ಅತ್ತೆ


ಆಗಸ್ಟ್ 28

ಅತ್ತೆಯವರಿಗೆ,

ಎರಡೂ ಕಾಗದ ತಲುಪಿದ್ದವು. ಉತ್ತರ ಬರೆಯಬಾರದೆಂದು ಹಟ ಹಿಡಿದು ಕೂತಿದ್ದೆ. ನಾನು ನಾಲ್ಕು ತಿಂಗಳು ಸುಟ್ಟುಕೊಂಡಿದ್ದೇನೆ, ನೀವೂ ಸ್ವಲ್ಪ ಸುಟ್ಟುಕೊಳ್ಳಿ ಎಂದು. ಆ ಸಿಟ್ಟು ಇನ್ನೂ ಹೋಗಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ.

ಶೂ ಬದಲಿಸಿದೆ. ಹಾಲು ಆರಿಸಿ ಕೊಡುತ್ತೇನೆ. ಕಲ್ಲುಗಳನ್ನು ನೋಡಿದ ಮೊದಲ ದಿನ ಅವಳು ಡಬ್ಬಿಯನ್ನೇ ಒದ್ದಳು. ವಾರ ಕಳೆದ ಮೇಲೆ ತಾನೇ ಬಂದು, "ಇದು ಹೇಗೆ ತಿರುಗುತ್ತೆ?" ಎಂದಳು. ಇಬ್ಬರೂ ಸೇರಿ ಸಣ್ಣ ಪುಡಿ ಒಂದು ವಾರ, ಪಾಲಿಶ್ ಒಂದು ವಾರ ಓಡಿಸಿದೆವು. ತೊಳೆಯುವುದು ಅವಳ ಕೆಲಸ. ನಾನು ಅವಸರ ಮಾಡಿದರೆ, "ಸಂದೀಲಿ ಪುಡಿ ಇದೆ, ಕಣ್ಣು ಕಾಣಲ್ವಾ ನಿಂಗೆ?" ಎನ್ನುತ್ತಾಳೆ, ನಿಮ್ಮದೇ ದನಿಯಲ್ಲಿ. ಗಾಜಿನ ಹಾಗೆ ಆಗಿವೆ. ದರ್ಜಿಯ ಮನೆಯವರಿಗೆಲ್ಲ ಒಂದೊಂದು ಕೊಟ್ಟು, ಈಗ ಗೋದಾಮಿನ ಅಂಗಳದಿಂದ ಬೇರೆ ಕಲ್ಲು ಹೆಕ್ಕಿ ತಂದಿದ್ದಾಳೆ.

ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ.

ಬಂದು ತಿಂಗಳಾಗುತ್ತಿದ್ದಂತೆ ಅವಳು ನಿಮ್ಮನ್ನು ಕೇಳತೊಡಗಿದಳು. "ಅಜ್ಜಿ ಕಾಗದ ಬರೆದಿದ್ದಾರಾ?" ಇಲ್ಲ ಎಂದೆ. ನಿಮ್ಮ ಕಾಗದ ಆಗ ನನ್ನ ಜೇಬಿನಲ್ಲೇ ಇತ್ತು. "ಅಜ್ಜಿಗೆ ನನ್ನ ಮೇಲೆ ಕೋಪಾನಾ? ನಾನು ಮಾತಾಡಿಸ್ಲಿಲ್ಲ ಅಂತ?" ಎಂದಳು. ಅಜ್ಜಿಗೆ ಕಾಲೇಜಿನಲ್ಲಿ ಕೆಲಸ ಬಂದಿದೆ, ಮುಗಿದ ಮೇಲೆ ಬರುತ್ತಾರೆ ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ತಾನಾಗಿ ಬಂತು. "ಎಷ್ಟು ದಿನದ ಕೆಲಸ?" ಎಂದಳು. ಇನ್ನೂ ನಾಲ್ಕು ವಾರ ಎಂದೆ.

ಅದು ನಿಮ್ಮದೇ ಮಾತೆಂದು ಹೇಳಿದ ಮೇಲೆ ಹೊಳೆಯಿತು. ಆದರೂ ತಿದ್ದಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಬಂದಳು. ಮೊನ್ನೆ ನಾಲ್ಕು ವಾರ ತುಂಬಿತು. ಸಂಜೆ ಬಾಗಿಲ ಬಳಿ ಕೂತು, ಎದ್ದು ಒಳಗೆ ಹೋದಳು. ಅಂದಿನಿಂದ ನಿಮ್ಮ ಹೆಸರೆತ್ತಿಲ್ಲ. ಅವಳು ಕೇಳುತ್ತಿದ್ದಾಗ ಇಷ್ಟು ಹೆದರಿಕೆಯಾಗಿರಲಿಲ್ಲ. ಅಲ್ಲಿ ನಿಮ್ಮ ಮನೆಯಲ್ಲಿ ನನ್ನನ್ನು ಕೇಳುವುದನ್ನೂ ಹೀಗೇ ಒಂದು ದಿನ ನಿಲ್ಲಿಸುವವಳಿದ್ದಳು ಎಂದು ಈಗ ಗೊತ್ತಾಗುತ್ತಿದೆ.

ಶನಿವಾರ ನನಗೆ ರಜೆ. ಬೆಳಗಿನ ಬಸ್ಸಿಗೆ ಬನ್ನಿ. ನಿಲ್ದಾಣಕ್ಕೆ ಅವಳನ್ನು ಕರೆತರುತ್ತೇನೆ, ಯಾಕೆಂದು ಹೇಳಿಲ್ಲ. ನಮ್ಮಿಬ್ಬರ ಜಗಳ ಆಮೇಲೆ ಇಟ್ಟುಕೊಳ್ಳೋಣ, ಬೇಕಾದಷ್ಟಿದೆ. ಬರದೇ ಹೋದರೆ ಅವಳಿಗೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ ಅತ್ತೆ, ನನಗೆ ಈಗ ಅದು ಸಲೀಸಾಗಿ ಬರುತ್ತಿದೆ.

ನಿಮ್ಮ ಅಳಿಯ